ಮಕ್ಕಳ ಜೊತೆ ಪುಟ್ಟ ಹಾಯಿದೋಣಿ ಮಾಡಿ ರೇಸ್ ಇಡಬೇಕು, ದಾರಿ ಹೇಳಿ

ಕಾರಂಜಿಗಾಳಿ · ಮೈಸೂರು

ಎಲ್ಲರಿಗೂ ನಮಸ್ಕಾರ. ನಮ್ಮ ಬೀದಿಯಲ್ಲಿ 6ರಿಂದ 11 ವರ್ಷದ ಮಕ್ಕಳ ಒಂದು ದಂಡೇ ಇದೆ. ಬೇಸಿಗೆ ರಜೆಯಲ್ಲಿ ಅವರ ಕೈಯಲ್ಲೇ ಹಾಯಿದೋಣಿ ಮಾಡಿಸಿ, ಕೊನೆಗೆ ಒಂದು ರೇಸ್ ಇಡೋಣ ಅಂತ ಮೂರ್ನಾಲ್ಕು ಮನೆಯವರು ಮಾತಾಡಿಕೊಂಡಿದ್ದೇವೆ. ಬ್ಯಾಟರಿ, ಮೋಟರ್ ಬೇಡ. ಗಾಳಿಯಿಂದಲೇ ಹೋಗಬೇಕು.

ಮಾದರಿಗೆಂದು ಮಗಳು ಒಂದು ಮಾಡಿದಳು. ಥರ್ಮಾಕೋಲ್ ತುಂಡು, ಮಧ್ಯಕ್ಕೆ ಚಿತ್ರದಲ್ಲಿರುವ ಹಡಗಿನ ಹಾಗೆ ಎತ್ತರದ ಕಡ್ಡಿ, ಡ್ರಾಯಿಂಗ್ ಶೀಟಿನ ದೊಡ್ಡ ಹಾಯಿ. ನೋಡೋಕೆ ಚೆಂದ. ಆದರೆ ಟಬ್ಬಿಗೆ ಇಳಿಸಿ ಬೀಸಣಿಗೆಯಲ್ಲಿ ಗಾಳಿ ಹಾಕಿದರೆ ಮುಂದೆ ಹೋಗುವ ಮಾತೇ ಇಲ್ಲ, ಸೀದಾ ಪಕ್ಕಕ್ಕೆ ಮಲಗುತ್ತದೆ. ಯಾಕೆ ಹೀಗೆ? ಯಾವ ಸಾಮಾನು ಬಳಸಬೇಕು? ರೇಸ್ ಎಲ್ಲಿ ಇಡಬೇಕು? ಕೆರೆಗೆ ಕರೆದುಕೊಂಡು ಹೋಗುವ ಧೈರ್ಯ ಇಲ್ಲ. ಖರ್ಚು ತಲೆಗೆ 100 ರೂಪಾಯಿ ಒಳಗೆ ಮುಗಿದರೆ ಒಳ್ಳೆಯದು.

ಹಾಳೆಟೊಪ್ಪಿ · ತೀರ್ಥಹಳ್ಳಿ

ಥರ್ಮಾಕೋಲ್ ಯಾಕೆ, ಅಡಿಕೆ ಹಾಳೆ ಇಲ್ವಾ? ಹೊಸದಾಗಿ ಬಿದ್ದ ಹಾಳೆಯನ್ನು ನೀರಿನಲ್ಲಿ ನೆನೆಹಾಕಿ. ಮೆತ್ತಗಾದ ಮೇಲೆ ಎರಡೂ ತುದಿ ಮಡಿಚಿ, ಬಿದಿರು ಕಡ್ಡಿಯಿಂದ ಚುಚ್ಚಿ ನಿಲ್ಲಿಸಿ ನೆರಳಲ್ಲಿ ಒಣಗಿಸಿದರೆ ದೋಣಿಯ ಆಕಾರ ತಾನಾಗಿ ಬರುತ್ತದೆ. ಮಡಿಕೆಯ ಸಂದಿಗೆ ಮೇಣದಬತ್ತಿ ಕರಗಿಸಿ ಬಿಡಿ, ಅದು ದೊಡ್ಡವರ ಕೆಲಸ. ಮೈಸೂರಲ್ಲಿ ಹಾಳೆ ಸಿಗದಿದ್ದರೆ ಹಾಳೆ ತಟ್ಟೆ ಮಾಡುವವರನ್ನು ಕೇಳಿ ನೋಡಿ.

ಒಂದು ಮಾತು. ನಾವು ಚಿಕ್ಕವರಿದ್ದಾಗ ಬಿಡುತ್ತಿದ್ದದ್ದು ಮಳೆನೀರಿನ ಓಟಕ್ಕೆ. ಅದಕ್ಕೆ ಹಾಯಿಯೂ ಬೇಡ, ತಲೆಯೂ ಬೇಡ, ನೀರೇ ಎಳೆದುಕೊಂಡು ಹೋಗುತ್ತದೆ. ನಿಂತ ನೀರಲ್ಲಿ ಗಾಳಿಗೆ ಬಿಡುವುದು ಬೇರೆಯೇ ಆಟ. ಅದರ ಗುಟ್ಟು ಗೊತ್ತಿರುವವರು ಹೇಳಲಿ.

ತೇಲುಮುಳುಗು · ಬೆಂಗಳೂರು

ದೋಣಿ ಮಲಗಿದ್ದಕ್ಕೆ ಮಗಳ ಕೈಗೆಲಸ ಕಾರಣ ಅಲ್ಲ. ನಿಜವಾದ ಹಡಗಿನ ಅಳತೆಯನ್ನೇ ಚಿಕ್ಕದು ಮಾಡಿದರೆ ಯಾರು ಮಾಡಿದರೂ ಹೀಗೇ ಆಗುತ್ತದೆ.

ಲೆಕ್ಕ ನೋಡಿ. ಒಂದು ದೊಡ್ಡ ಹಾಯಿದೋಣಿಯನ್ನು ಉದ್ದ, ಅಗಲ, ಎತ್ತರ ಎಲ್ಲದರಲ್ಲೂ 10ರಲ್ಲಿ ಒಂದು ಪಾಲಿಗೆ ಇಳಿಸಿದಿರಿ ಅನ್ನಿ. ಹಾಯಿಯ ವಿಸ್ತೀರ್ಣ 100ರಲ್ಲಿ ಒಂದಾಯಿತು. ಅದರ ಎತ್ತರ 10ರಲ್ಲಿ ಒಂದಾಯಿತು. ಅಂದರೆ ದೋಣಿಯನ್ನು ಬೀಳಿಸುವ ಗಾಳಿಯ ಸಾಮರ್ಥ್ಯ 1,000ದಲ್ಲಿ ಒಂದಕ್ಕೆ ಇಳಿಯಿತು. ಇನ್ನು ದೋಣಿಯನ್ನು ನೆಟ್ಟಗೆ ನಿಲ್ಲಿಸುವುದು ಅದರ ತೂಕ. ತೂಕ 1,000ದಲ್ಲಿ ಒಂದಾಯಿತು, ಆ ತೂಕ ಎಳೆಯುವ ದೂರವೂ 10ರಲ್ಲಿ ಒಂದಾಯಿತು. ಒಟ್ಟು 10,000ದಲ್ಲಿ ಒಂದು. ಆದರೆ ಮಕ್ಕಳ ದೋಣಿ ಅಂತ ಗಾಳಿಯೇನು ಮೆಲ್ಲಗೆ ಬೀಸುವುದಿಲ್ಲ. ಹಾಗಾಗಿ ಅದೇ ಗಾಳಿಗೆ ಪುಟ್ಟ ದೋಣಿ ದೊಡ್ಡದಕ್ಕಿಂತ 10 ಪಟ್ಟು ಸುಲಭವಾಗಿ ಬೀಳುತ್ತದೆ.

ಆದ್ದರಿಂದ ಚಿತ್ರ ನೋಡಿ ಮಾಡಬೇಡಿ. ಹಾಯಿ ಗಿಡ್ಡ ಇರಲಿ, ತೂಕ ಆಳದಲ್ಲಿರಲಿ. 20 ಸೆಂಟಿಮೀಟರ್ ಉದ್ದದ ದೋಣಿಗೆ ಕಂಬವೂ 20 ಸೆಂಟಿಮೀಟರ್ ದಾಟಬಾರದು. ತ್ರಿಕೋನದ ಹಾಯಿ, ಬುಡ 10, ಎತ್ತರ 15 ಸೆಂಟಿಮೀಟರ್ ಧಾರಾಳ ಸಾಕು. ದೋಣಿಯ ಹೊಟ್ಟೆಯಿಂದ ಕೆಳಕ್ಕೆ 7-8 ಸೆಂಟಿಮೀಟರ್ ಉದ್ದದ ತೆಳ್ಳನೆ ಹಲಗೆ ಇಳಿಸಿ. ಅದೇ ಕೀಲ್. ಅದರ ತುದಿಗೆ ಒಂದು ಕಬ್ಬಿಣದ ಬೋಲ್ಟು, ಎರಡು ನಟ್ಟು. ತೂಕ ದೋಣಿಯ ಒಳಗೆ ಇಟ್ಟರೆ ಪ್ರಯೋಜನ ಕಡಿಮೆ. ಅದೇ ತೂಕ ಕೆಳಗೆ ಇಳಿದಷ್ಟೂ ದೋಣಿ ಗಟ್ಟಿ ನಿಲ್ಲುತ್ತದೆ.

ಪರೀಕ್ಷೆ ಇಷ್ಟೇ: ಕಂಬದ ತುದಿ ನೀರಿಗೆ ತಾಗುವ ತನಕ ದೋಣಿಯನ್ನು ಬಾಗಿಸಿ ಕೈಬಿಡಿ. ತಾನೇ ಎದ್ದು ನಿಂತರೆ ಪಾಸು. ಇದನ್ನು ಮಕ್ಕಳೇ ಮಾಡಲಿ. ಹಾಯಿ ಎಷ್ಟು ಕತ್ತರಿಸಬೇಕು ಅಂತ ನೀವು ಹೇಳುವ ಅಗತ್ಯವೇ ಬೀಳುವುದಿಲ್ಲ.

ತೂಕಕ್ಕೆ ಮೀನುಗಾಳದ ಸೀಸದ ಗುಂಡು ಮಾತ್ರ ಬೇಡ. ಸೀಸ ವಿಷ, ಮಕ್ಕಳ ಕೈ ಬಾಯಿಗೆ ಹೋಗುತ್ತಲೇ ಇರುತ್ತದೆ.

ಅಟ್ಟದಸಾಮಾನು · ಶಿವಮೊಗ್ಗ

ಥರ್ಮಾಕೋಲ್ ಕತ್ತರಿಸಿದರೆ ಮನೆ ತುಂಬ ಬಿಳಿ ಕಾಳು. ಒಂದು ವಾರ ಗುಡಿಸಿದರೂ ಮುಗಿಯಲ್ಲ. ಅದು ಕೆರೆ ಸೇರಿದರಂತೂ ಕೇಳಲೇಬೇಡಿ. ಇನ್ನೊಂದು ವಿಷಯ, ಚಪ್ಪಲಿ ಅಂಟಿಸುವ ಹಳದಿ ಅಂಟು ಮತ್ತು ಸ್ಪ್ರೇ ಪೇಂಟ್ ಎರಡೂ ಥರ್ಮಾಕೋಲನ್ನು ಕರಗಿಸಿಬಿಡುತ್ತವೆ. ಸಾದಾ ಬಿಳಿ ಫೆವಿಕಾಲ್ ಕರಗಿಸುವುದಿಲ್ಲ, ಆದರೆ ನೀರಿಗೆ ಬಿದ್ದ ಮೇಲೆ ಅದೇ ಬಿಟ್ಟುಕೊಳ್ಳುತ್ತದೆ.

ಜ್ಯೂಸಿನ ಟೆಟ್ರಾ ಪ್ಯಾಕ್ ಉದ್ದಕ್ಕೆ ಸೀಳಿದರೆ ಎರಡು ದೋಣಿ ಸಿಗುತ್ತವೆ. ನೀರು ಹೀರುವುದಿಲ್ಲ, ಕತ್ತರಿಯಲ್ಲಿ ಕತ್ತರಿಸಬಹುದು. ಕತ್ತರಿಸಿದ ಅಂಚಿಗೆ ಮಾತ್ರ ಟೇಪ್ ಸುತ್ತಿ.

ಕರಿಹಲಗೆ · ಚಿತ್ರದುರ್ಗ

ಅಂಟೇ ಬೇಡದ ದೋಣಿ ಹೇಳುತ್ತೇನೆ. ನಮ್ಮ ಶಾಲೆಯ ಮಕ್ಕಳು ಮಾಡುವುದು ಇದನ್ನೇ. ಉಂಗುಟ ಕಿತ್ತುಹೋದ ಹವಾಯಿ ಚಪ್ಪಲಿ!

ಬಾರು ಕಿತ್ತು ತೊಳೆದಿಟ್ಟರೆ ಅರ್ಧ ಕೆಲಸ ಮುಗಿಯಿತು. ಚಪ್ಪಲಿಯಲ್ಲಿ ಮೂರು ತೂತು ಇರುತ್ತವೆ ಅಲ್ವಾ? ಮುಂದಿನ ತೂತಿಗೆ ಕಂಬ. ಹಿಡಿಸೂಡಿಯ ದಪ್ಪ ಕಡ್ಡಿಗಳನ್ನು ಜೊತೆ ಸೇರಿಸಿ ದಾರ ಸುತ್ತಿದರೆ ತೂತಿಗೆ ಬಿಗಿಯಾಗಿ ಕೂರುತ್ತದೆ. ಹಿಂದಿನ ಎರಡು ತೂತಿನಿಂದ ದಾರ ಎಳೆದು ಕಂಬದ ತುದಿಗೆ ಕಟ್ಟಿದರೆ ಕಂಬ ಅಲ್ಲಾಡುವುದಿಲ್ಲ. ಇನ್ನು ಕೀಲ್. ಮುರಿದ ಪ್ಲಾಸ್ಟಿಕ್ ಸ್ಕೇಲ್ ಯಾವ ಶಾಲೆಯಲ್ಲಿ ಸಿಗಲ್ಲ ಹೇಳಿ! ಚಪ್ಪಲಿಯ ಮಧ್ಯದಲ್ಲಿ ಬ್ಲೇಡಿನಿಂದ ಉದ್ದಕ್ಕೆ ಒಂದು ಸೀಳು ಹಾಕಿ, ಇದು ಮೇಷ್ಟ್ರ ಕೆಲಸ. ಸ್ಕೇಲನ್ನು ಆ ಸೀಳಿಗೆ ತುರುಕಿ. ರಬ್ಬರ್ ಕಚ್ಚಿ ಹಿಡಿಯುತ್ತದೆ. ಸ್ಕೇಲಿನ ತುದಿಯಲ್ಲಿ ನೇತುಹಾಕೋಕೆ ಅಂತ ಒಂದು ತೂತು ಇರುತ್ತದೆ ನೋಡಿ, ಆ ತುದಿ ಕೆಳಗೆ ಬರಲಿ. ಅದಕ್ಕೆ ಬೋಲ್ಟು ತೂರಿಸಿ ನಟ್ಟು ಬಿಗಿಯಿರಿ. ಹಿಮ್ಮಡಿ ಕಡೆ ಇನ್ನೊಂದು ಸಣ್ಣ ಸೀಳು, ಅಲ್ಲಿ ಚುಕ್ಕಾಣಿಗೆ ಸ್ಕೇಲಿನ ಚೂರು.

ಎಲ್ಲರಿಗೂ ಒಂದೇ ನಂಬರಿನ ಚಪ್ಪಲಿ ಕೊಟ್ಟರೆ ನನ್ನದು ಚಿಕ್ಕದು, ನಿನ್ನದು ದೊಡ್ಡದು ಅನ್ನುವ ಜಗಳವೂ ಇಲ್ಲ.

ಮೊನ್ನೆ 6ನೇ ಕ್ಲಾಸಿನ ಹುಡುಗನೊಬ್ಬ ಹಿಮ್ಮಡಿ ಚೂಪಾಗಿದೆ, ಅದೇ ಮುಂದಿರಲಿ ಅಂತ ದೋಣಿಯನ್ನು ತಿರುಗಿಸಿ ಬಿಟ್ಟ. ನೋಡಿದರೆ ದೋಣಿ ಗಿರಕಿ ಹೊಡೆದು ಗಾಳಿಗೆ ಮುಖ ಕೊಟ್ಟು ನಿಂತಿತು, ಮುಂದೆ ಹೋಗಲೇ ಇಲ್ಲ. ಹಾಯಿ ಹಿಂದಾದರೆ ಏನಾಗುತ್ತದೆ ಅನ್ನುವುದು ಆವತ್ತು ಇಡೀ ಕ್ಲಾಸಿಗೆ ಗೊತ್ತಾಯಿತು. ನಮ್ಮೂರಿಗೆ ಗಾಳಿಯೇನೂ ಕಮ್ಮಿ ಇಲ್ಲ, ಗುಡ್ಡದ ಮೇಲೆಲ್ಲ ಗಾಳಿಯಂತ್ರಗಳೇ. ನೀರಿಗೆ ಮಾತ್ರ ಬರ.

ಕಾರಂಜಿಗಾಳಿ · ಮೈಸೂರು

ಚಪ್ಪಲಿ ದೋಣಿ ಓದಿ ಮನೆಯಲ್ಲಿ ಹಳೇ ಚಪ್ಪಲಿ ಹುಡುಕಾಟ ಶುರುವಾಗಿದೆ. ಹೊಸ ಚಪ್ಪಲಿಯ ಬಾರು ಕಿತ್ತವರೂ ಇದ್ದಾರೆ, ಯಾರದು ಅಂತ ಹೇಳಲ್ಲ. ಹಾಯಿಗೆ ಏನು ಬಳಸಲಿ? ಕಾಗದ ಒದ್ದೆಯಾಗಿ ಜೋತುಬೀಳುತ್ತದೆ.

ಛತ್ರಿರಿಪೇರಿ · ಹುಬ್ಬಳ್ಳಿ

ಹಳೇ ಛತ್ರಿ ಬಿಚ್ಚಿರಿ. 8 ಕಡ್ಡಿಯ ಛತ್ರಿಗೆ 8 ತ್ರಿಕೋನದ ತುಂಡು. ಬಟ್ಟೆ ಹಗುರ, ನೀರು ಹಿಡಿಯುವುದಿಲ್ಲ, ಬಣ್ಣವೂ ಇರುತ್ತದೆ. ಒಂದೊಂದು ತುಂಡಿನಲ್ಲಿ ಮೂರ್ನಾಲ್ಕು ಮಕ್ಕಳ ಹಾಯಿ ಆರಾಮಾಗಿ ಬರುತ್ತವೆ. ಕತ್ತರಿಸಿದ ಅಂಚು ಎಳೆ ಬಿಡದಂತೆ ದೊಡ್ಡವರು ಮೇಣದಬತ್ತಿ ಬಿಸಿಗೆ ಹಿಡಿದು ಸವರಿ ಕೊಡಿ.

ಇನ್ನೊಂದು ಮಜಾ ನೋಡಿರಿ. ಛತ್ರಿ ಗುಮ್ಮಟದ ಹಂಗ ಕೂರಬೇಕಂತ ಆ ತುಂಡುಗಳ ಉದ್ದನೆಯ ಅಂಚನ್ನು ಸ್ವಲ್ಪ ಬಾಗಿಸಿ ಕತ್ತರಿಸಿರುತ್ತಾರೆ. ಎರಡು ತುಂಡು ಸೇರುವ ಹೊಲಿಗೆ ಬಿಚ್ಚದೆ, ಅದು ಹಾಯಿಯ ನಡುವೆ ಬರುವಂತೆ ಕತ್ತರಿಸಿದರೆ ಹಾಯಿಗೆ ತಾನಾಗಿ ಸಣ್ಣ ಹೊಟ್ಟೆ ಬರುತ್ತದೆ. ಚಪ್ಪಟೆ ಹಾಯಿಗಿಂತ ಹೊಟ್ಟೆ ಇರುವ ಹಾಯಿ ಚಲೋ ಎಳೆಯುತ್ತದೆ. ಛತ್ರಿ ಸಿಗದಿದ್ದರೆ ಹಾಲಿನ ಕವರ್ ತೊಳೆದು ಬಳಸಿರಿ.

ಪಡುಗಾಳಿ · ಕುಂದಾಪುರ

ದೋಣಿ ಮಾಡುವುದರ ಬಗ್ಗೆ ಎಲ್ಲ ಬಂತು, ಗಾಳಿಯ ಬಗ್ಗೆ ಯಾರೂ ಮಾತಾಡಲಿಲ್ಲವಲ್ಲ ಮಾರಾಯ್ರೇ.

ಮೊದಲು ಒಂದು ಕೋಲಿಗೆ ರಿಬ್ಬನ್ ಕಟ್ಟಿ ನೀರಿನ ಪಕ್ಕ ನೆಡಿ. ಎರಡು ಮನೆ ಗೋಡೆಗಳ ನಡುವೆ ರಿಬ್ಬನ್ ಒಂದು ದಿಕ್ಕಿಗೆ ನಿಲ್ಲುವುದೇ ಇಲ್ಲ, ಸುತ್ತುತ್ತದೆ. ಅಂಥ ಕಡೆ ರೇಸ್ ಇಟ್ಟರೆ ಗೆಲ್ಲುವುದು ಅದೃಷ್ಟ. ಬಯಲಿಗೆ ಹೋಗಿ, ಇಲ್ಲವೇ ತಾರಸಿಗೆ ಹೋಗಿ. ನಮ್ಮ ಕರಾವಳಿಯಲ್ಲಾದರೆ ಮಳೆಗಾಲ ಬಿಟ್ಟು ಬೇರೆ ದಿನಗಳಲ್ಲಿ ಬೆಳಿಗ್ಗೆ ನೆಲದ ಕಡೆಯಿಂದ, ಮಧ್ಯಾಹ್ನ ತಿರುಗಿದ ಮೇಲೆ ಕಡಲ ಕಡೆಯಿಂದ ಗಾಳಿ ಬರುತ್ತದೆ. ನಿಮ್ಮ ಮೈಸೂರಿಗೆ ಆಷಾಢದ ಗಾಳಿ ಇದೆ. ಗಾಳಿಪಟಕ್ಕೆ ಆಗುವ ಗಾಳಿ ದೋಣಿಗೆ ಆಗಲ್ವಾ? ಪಶ್ಚಿಮದಿಂದ ದಿನವಿಡೀ ಒಂದೇ ಸಮ ಬೀಸುತ್ತದೆ. ರಜೆಯಲ್ಲಿ ಮಾಡಿ, ಆಷಾಢದಲ್ಲಿ ರೇಸ್ ಇಡಿ.

ಈಗ ಹಾಯಿ ಕಟ್ಟುವುದು. ಗಾಳಿ ಹಿಂದಿನಿಂದ ಬಂದರೆ ಹಾಯಿಯನ್ನು ಪೂರ್ತಿ ಹೊರಕ್ಕೆ, ದೋಣಿಗೆ ಅಡ್ಡವಾಗಿ ಬಿಡಿ. ಗಾಳಿ ಪಕ್ಕದಿಂದ ಬಂದರೆ ಅರ್ಧ ಎಳೆದು ಕಟ್ಟಿ. ದಾರ ಸಡಿಲ ಬಿಟ್ಟಾಗ ಹಾಯಿ ಪಟಪಟ ಅನ್ನುತ್ತದೆ. ಮೆಲ್ಲಗೆ ಎಳೆಯುತ್ತಾ ಬನ್ನಿ, ಪಟಪಟ ನಿಂತ ಜಾಗದಲ್ಲೇ ಕಟ್ಟಿ. ಇನ್ನೂ ಬಿಗಿ ಎಳೆದರೆ ದೋಣಿ ವಾಲುತ್ತದೆ, ಓಡುವುದಿಲ್ಲ. ಪಕ್ಕದ ಗಾಳಿಗೆ ಓಡಿಸುವುದೇ ನಿಜವಾದ ಹಾಯಿಯಾಟ. ಹಿಂದಿನ ಗಾಳಿಗೆ ಮುಚ್ಚಳವೂ ಓಡುತ್ತದೆ.

ಕರಿಹಲಗೆ ಮೇಷ್ಟ್ರ ಹುಡುಗ ನೋಡಿದ್ದಕ್ಕೆ ಕಾರಣ ಇದು. ದೋಣಿಯನ್ನು ನೀರಲ್ಲಿಟ್ಟು ಪೆನ್ಸಿಲ್ ತುದಿಯಿಂದ ಪಕ್ಕಕ್ಕೆ ತಳ್ಳಿ. ಮೂತಿ ಹತ್ತಿರ ತಳ್ಳಿದರೆ ಮೂತಿ ತಿರುಗುತ್ತದೆ, ಹಿಂದೆ ತಳ್ಳಿದರೆ ಬಾಲ ತಿರುಗುತ್ತದೆ. ನಡುವೆ ಎಲ್ಲೋ ಒಂದು ಕಡೆ ತಳ್ಳಿದಾಗ ತಿರುಗದೆ ಅಡ್ಡಡ್ಡ ಸರಿಯುತ್ತದೆ. ಅಲ್ಲಿ ಗುರುತು ಹಾಕಿ. ಹಾಯಿಯ ನಡುಮಧ್ಯ ಆ ಗುರುತಿಗಿಂತ ಒಂಚೂರು ಮುಂದೆ ಬರಬೇಕು. ಹಿಂದೆ ಬಂದರೆ ದೋಣಿ ಗಾಳಿಗೆ ಮುಖ ಕೊಡುತ್ತದೆ, ತೀರಾ ಮುಂದೆ ಹೋದರೆ ಗಾಳಿಗೆ ಬೆನ್ನು ಹಾಕಿ ಓಡುತ್ತದೆ. ಚಪ್ಪಲಿಯ ಮುಂದಿನ ತೂತು ತುಂಬಾ ಮುಂದಿದೆ. ಹಿಂದಿನ ಗಾಳಿಗೆ ಒಳ್ಳೆಯದು. ಪಕ್ಕದ ಗಾಳಿಗೆ ಓಡಿಸಬೇಕಿದ್ದರೆ ಇನ್ನೊಂದು ತೂತು ಹಿಂದಕ್ಕೆ ಕೊರೆಯಿರಿ.

ನನ್ನಜ್ಜ ಮಂಗಳೂರಿನ ಹಳೇ ಬಂದರಿನಿಂದ ಲಕ್ಷದ್ವೀಪಕ್ಕೆ ಹಾಯಿ ಎತ್ತಿ ಹೋಗುವ ಮಂಜಿ ಅನ್ನುವ ಸರಕು ಹಡಗುಗಳನ್ನು ನೋಡಿದವರು. ಮಂಜಿಗೆ ಸರಕು ತುಂಬುವಾಗ ಭಾರದ್ದೆಲ್ಲ ಮೊದಲು ತಳಕ್ಕೆ ಹೋಗುತ್ತಿತ್ತಂತೆ. ತೇಲುಮುಳುಗು ಅವರ ಬೋಲ್ಟು ಮಾಡುವುದೂ ಅದೇ ಕೆಲಸ.

ಎಡಿಸನ್‌ಅಮ್ಮ · ನ್ಯೂಜೆರ್ಸಿ

ಇಲ್ಲಿ ಕಬ್ ಸ್ಕೌಟ್ ಮಕ್ಕಳಿಗೆ ರೇನ್‌ಗಟರ್ ರೆಗಟ್ಟಾ ಅಂತ ಒಂದು ದೋಣಿ ರೇಸ್ ಮಾಡಿಸುತ್ತಾರೆ. ನನ್ನ ಮಗನೂ ಆಡಿದ್ದಾನೆ. ಮನೆಯ ಸೂರಿನ ಮಳೆನೀರು ಹೋಗುವ ಕಾಲುವೆ ಇರುತ್ತದಲ್ಲ, 10 ಅಡಿ ಉದ್ದದ್ದು, ಅಂಥವು ಎರಡನ್ನು ಅಕ್ಕಪಕ್ಕ ಇಟ್ಟು, ತುದಿ ಮುಚ್ಚಿ, ನೀರು ತುಂಬುತ್ತಾರೆ. ಒಂದೊಂದರಲ್ಲಿ ಒಂದೊಂದು ಪುಟ್ಟ ಹಾಯಿದೋಣಿ. ಮಕ್ಕಳು ಬಾಯಿಂದಲೇ ಊದಿ ಓಡಿಸಬೇಕು, ಕೈ ತಾಗಿಸುವ ಹಾಗಿಲ್ಲ. ಕೆಲವು ಕಡೆ ಸ್ಟ್ರಾದಲ್ಲಿ ಊದಬೇಕು ಅನ್ನುವ ನಿಯಮ ಇದೆ.

ನಿಮಗೆ 6 ಇಂಚಿನ ಪಿವಿಸಿ ಪೈಪನ್ನು ಉದ್ದಕ್ಕೆ ಸೀಳಿದರೆ ಎರಡು ಕಾಲುವೆ ಸಿಗುತ್ತವೆ. 10 ಅಡಿಯ ಒಂದು ಕಾಲುವೆ ತುಂಬೋಕೆ ಸುಮಾರು 25 ಲೀಟರ್ ನೀರು ಸಾಕು. ಆಳ 3 ಇಂಚು ಮಾತ್ರ, ಹಾಗಾಗಿ ಕೀಲ್ ಗಿಡ್ಡ ಇರಬೇಕು. ಇದರ ದೊಡ್ಡ ಗುಣ ಏನು ಅಂದರೆ ಯಾವ ಮಗುವಿನ ದೋಣಿಯೂ ದಾರಿ ತಪ್ಪುವುದಿಲ್ಲ. ಎಲ್ಲವೂ ಗುರಿ ಮುಟ್ಟುತ್ತವೆ. ಚಿಕ್ಕವರಿಗೆ ಅಷ್ಟೇ ಬೇಕಾಗಿರುವುದು.

ಆದರೆ ಊದಿ ಊದಿ ಕೆಲವು ಮಕ್ಕಳಿಗೆ ತಲೆ ಸುತ್ತು ಬರುತ್ತದೆ. ಎರಡು ಓಟದ ನಡುವೆ ಕೂರಿಸಿ.

ಸುಮ್ನೆಕೇಳ್ದೆ · ಬೆಂಗಳೂರು

ಒಂದು ಪ್ರಶ್ನೆ. ರೇಸ್ ಬೇಕೇಬೇಕಾ? ನೀವು ಏನೇ ಹೇಳಿ, ಕೊನೆಗೆ ಒಂದು ಮಗು ಗೆಲ್ಲುತ್ತದೆ, ಹತ್ತು ಮಕ್ಕಳ ಮುಖ ಬಾಡುತ್ತದೆ. ಅಪ್ಪಂದಿರು ಹಿಂದಿನ ರಾತ್ರಿ ಕೂತು ದೋಣಿ ಮಾಡಿಕೊಡುತ್ತಾರೆ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ವಿಜ್ಞಾನ ಮೇಳದ ಗತಿ ಏನಾಯಿತು ಅಂತ ನೋಡಿದ್ದೇನೆ. ಸುಮ್ನೆ ಮಾಡಿ, ನೀರಿಗೆ ಬಿಟ್ಟು, ಖುಷಿಪಟ್ಟು ಮನೆಗೆ ಹೋದರೆ ಆಗಲ್ವಾ?

ಕರಿಹಲಗೆ · ಚಿತ್ರದುರ್ಗ

ಅಪ್ಪಂದಿರ ಕಾಟಕ್ಕೆ ಮದ್ದು ಇದೆ. ದೋಣಿ ಮನೆಗೆ ಕಳಿಸಬೇಡಿ. ಮಾಡುವುದು ಅಲ್ಲೇ, ಇಡುವುದೂ ಅಲ್ಲೇ.

ರೇಸ್ ಬೇಕು ಅಂತಲೇ ನನ್ನ ಅಭಿಪ್ರಾಯ. ಸುಮ್ನೆ ತೇಲಿಬಿಟ್ಟರೆ ಮಕ್ಕಳು ಐದು ನಿಮಿಷ ನೋಡಿ ಓಡಿಹೋಗುತ್ತಾರೆ. ಪಕ್ಕದವನ ದೋಣಿ ಮುಂದೆ ಹೋದಾಗ ಮಾತ್ರ ಅವನದ್ದು ಯಾಕೆ ಹೋಯಿತು ಅಂತ ಬಗ್ಗಿ ನೋಡುತ್ತಾರೆ. ಆ ಬಗ್ಗಿ ನೋಡುವುದಕ್ಕೇ ನಾನು ರೇಸ್ ಇಡುವುದು. ಆದರೆ ಒಂದೇ ಓಟಕ್ಕೆ ಮುಗಿಸಬೇಡಿ. ಓಡಿಸಿ, ಹತ್ತು ನಿಮಿಷ ರಿಪೇರಿಗೆ ಬಿಡಿ, ಮತ್ತೆ ಓಡಿಸಿ. ಮೊದಲ ಓಟಕ್ಕಿಂತ ಕೊನೆಯ ಓಟದಲ್ಲಿ ಯಾರ ದೋಣಿ ಹೆಚ್ಚು ಸುಧಾರಿಸಿದೆ ಅನ್ನುವುದಕ್ಕೂ ಬಹುಮಾನ ಕೊಡಿ. ನಮ್ಮಲ್ಲಿ ಆ ಬಹುಮಾನಕ್ಕೇ ಪೈಪೋಟಿ ಜಾಸ್ತಿ.

ತೇಲುಮುಳುಗು · ಬೆಂಗಳೂರು

ಇದಕ್ಕೆ ಒಂದು ಸೇರಿಸುತ್ತೇನೆ. ಉದ್ದದ ಮಿತಿ ಮೊದಲೇ ಹೇಳಿಬಿಡಿ. ದೋಣಿ ಮುಂದೆ ಹೋಗುವಾಗ ತಾನೇ ಎಬ್ಬಿಸಿದ ಅಲೆಯ ನಡುವೆ ಸಿಕ್ಕಿಕೊಳ್ಳುತ್ತದೆ. ಉದ್ದ ಹೆಚ್ಚಿದಷ್ಟೂ ಆ ಅಲೆ ಉದ್ದ, ವೇಗವೂ ಹೆಚ್ಚು. 20 ಸೆಂಟಿಮೀಟರ್ ದೋಣಿ ಸೆಕೆಂಡಿಗೆ ಅರ್ಧ ಮೀಟರ್‌ಗಿಂತ ಸ್ವಲ್ಪ ಜಾಸ್ತಿ ಹೋಗಬಹುದು, ಆಮೇಲೆ ಎಷ್ಟು ಗಾಳಿ ಹಾಕಿದರೂ ಮೂಗು ಎತ್ತುತ್ತದೆಯೇ ಹೊರತು ಹೆಚ್ಚೇನೂ ಓಡುವುದಿಲ್ಲ. ಉದ್ದ 4 ಪಟ್ಟು ಮಾಡಿದರೆ ವೇಗ 2 ಪಟ್ಟು. ಇದು ಗೊತ್ತಾದ ದಿನ ಯಾವನಾದರೂ ಒಬ್ಬ ಒಂದು ಮೀಟರ್ ದೋಣಿ ತರುತ್ತಾನೆ. ನಾನಾಗಿದ್ದರೆ ತರುತ್ತಿದ್ದೆ.

ಗದ್ದೆಬದು · ಮಂಡ್ಯ

ಪೈಪು ಗೀಪು ಯಾಕೆ? ನಮ್ಮ ತೋಟದಲ್ಲಿ ಕೃಷಿ ಹೊಂಡ ಇದೆ. ಮೈಸೂರಿಂದ ಗಂಟೆ ದಾರಿ. ತುಂಬಿದ ನೀರು, ಒಳ್ಳೆ ಗಾಳಿ. ಎಲ್ಲರೂ ಬನ್ನಿ, ಊಟವೂ ನಮ್ಮದೇ.

ಹೊಂಡದಪಕ್ಕ · ಕೋಲಾರ

ಗದ್ದೆಬದು ಅವರೇ, ಪ್ರೀತಿಯಿಂದ ಕರೆದಿದ್ದೀರಿ, ಆದರೆ ದಯವಿಟ್ಟು ಬೇಡ. ಮಕ್ಕಳನ್ನು ಕೃಷಿ ಹೊಂಡದ ಹತ್ತಿರವೂ ಬಿಡಬಾರದು. ಒಳಗೆ ಹಾಸಿರುವ ಪ್ಲಾಸ್ಟಿಕ್ ಪಾಚಿ ಕಟ್ಟಿ ಜಾರುತ್ತದೆ, ಬದಿ ಇಳಿಜಾರು, ಹಿಡಿದುಕೊಳ್ಳೋಕೆ ಏನೂ ಇರುವುದಿಲ್ಲ. ಈಜು ಬರುವ ದೊಡ್ಡವರೇ ಹತ್ತಲಾಗದೆ ಮುಳುಗಿದ್ದಾರೆ. 2014ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ನಮ್ಮ ಕಡೆ ಊರೂರಿಗೂ ಹೊಂಡ ಆಗಿವೆ, ಒಳ್ಳೆಯದೇ. ಆದರೆ ಬೇಲಿ ಎಲ್ಲ ಕಡೆ ಇಲ್ಲ. ಮಗುವಿನ ದೋಣಿ ನಡುನೀರಲ್ಲಿ ನಿಂತರೆ ಮಗು ಏನು ಮಾಡುತ್ತದೆ ಅಂತ ನಿಮಗೇ ಗೊತ್ತು. ಕಲ್ಯಾಣಿ, ಕಲ್ಲುಕ್ವಾರಿ, ನಾಲೆಗೂ ಇದೇ ಮಾತು.

ಗದ್ದೆಬದು · ಮಂಡ್ಯ

ಒಪ್ಪಿದೆ. ಊಟಕ್ಕೆ ಬನ್ನಿ, ಹೊಂಡದ ಕಡೆ ಬೇಡ.

ಲೆಕ್ಕಪುಸ್ತಕ · ಬೆಂಗಳೂರು

ಪೈಪಿನಲ್ಲಿ ಪಕ್ಕದ ಗಾಳಿಯ ಆಟ ಆಗುವುದಿಲ್ಲ. ದೊಡ್ಡ ಮಕ್ಕಳಿಗೆ ಟಾರ್ಪಾಲಿನ್ ಕೊಳ ಮಾಡಿ. ಸಮತಟ್ಟಾದ ಜಾಗದಲ್ಲಿ ಸಿಮೆಂಟ್ ಬ್ಲಾಕ್ ಜೋಡಿಸಿ 10 ಅಡಿ ಉದ್ದ, 5 ಅಡಿ ಅಗಲದ ಚೌಕಟ್ಟು, ಮೇಲೆ ಟಾರ್ಪಾಲಿನ್. ಅರ್ಧ ಅಡಿ ನೀರು ನಿಲ್ಲಿಸಿದರೆ ಸುಮಾರು 700 ಲೀಟರ್. ತಾರಸಿಯಲ್ಲಾದರೆ ಅದು 700 ಕೆಜಿ ಭಾರ ಅನ್ನುವುದು ನೆನಪಿರಲಿ, ನೆಲದ ಮೇಲೇ ಮಾಡಿ. ಅರ್ಧ ಅಡಿ ನೀರಾದರೂ ದೊಡ್ಡವರೊಬ್ಬರು ಪಕ್ಕದಲ್ಲೇ ಇರಬೇಕು.

ನೀರು ಚೆಲ್ಲಬೇಡಿ, ಆಮೇಲೆ ಗಿಡಕ್ಕೆ ಬಿಡಿ. 2024ರ ಮಾರ್ಚ್‌ನಲ್ಲಿ ಇಲ್ಲಿ ಜಲಮಂಡಳಿ ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂದಿತ್ತು. ಆ ಬೇಸಿಗೆ ಕಂಡವರಿಗೆ 700 ಲೀಟರ್ ಅಂದರೆ ಕೈ ನಡುಗುತ್ತದೆ. ಪೈಪಿನ ಪಕ್ಕ ಟೇಬಲ್ ಫ್ಯಾನ್, ಎಕ್ಸ್‌ಟೆನ್ಶನ್ ಬಾಕ್ಸ್ ಇಡುವ ಯೋಚನೆ ಇದ್ದರೆ ಈಗಲೇ ಕೈಬಿಡಿ. ಮಕ್ಕಳು, ನೀರು, ಕರೆಂಟು ಮೂರೂ ಒಂದು ಕಡೆ ಬೇಡ. ಮೊರ ಇದೆಯಲ್ಲ ಮನೆಯಲ್ಲಿ.

ಸಿಂಗಾಪುರದಣ್ಣ · ಸಿಂಗಾಪುರ

ಇಲ್ಲಿಂದ ಸಮುದ್ರ ದಾಟಿದರೆ ಇಂಡೋನೇಷ್ಯಾದ ರಿಯಾವ್ ದ್ವೀಪಗಳು. ಅಲ್ಲಿ ಜೊಂಗ್ ಅಂತ ಆಟದ ಹಾಯಿದೋಣಿಗಳ ರೇಸ್ ಇದೆ. ಮಕ್ಕಳಿಗಿಂತ ದೊಡ್ಡವರೇ ಜಾಸ್ತಿ ಆಡುತ್ತಾರೆ. ಒಳಗೆ ಯಾರೂ ಇಲ್ಲ, ರಿಮೋಟೂ ಇಲ್ಲ. ಹಾಯಿ ಕಟ್ಟಿ ಸಮುದ್ರಕ್ಕೆ ಬಿಟ್ಟರೆ ತಾನೇ ಓಡುತ್ತದೆ.

ನಿಮ್ಮ ಉಪಯೋಗಕ್ಕೆ ಬರುವ ಮಾತು ಏನೆಂದರೆ, ಆ ದೋಣಿಗೆ ಒಂದು ಬದಿಯಲ್ಲಿ ಕಡ್ಡಿ ಚಾಚಿ ತೇಲುವ ತುಂಡು ಕಟ್ಟಿರುತ್ತಾರೆ. ನಮ್ಮ ಕಾರವಾರ, ಗೋವಾ ಕಡೆಯ ಮೀನುದೋಣಿಗಳಿಗೂ ಹೀಗೆ ಇರುತ್ತದೆ. ಪೈಪಿನ ಆಳಕ್ಕೆ ಉದ್ದ ಕೀಲ್ ಹಿಡಿಸಲ್ಲ ಅಂದಿರಲ್ಲ, ಅಲ್ಲಿ ಇದಕ್ಕೂ ಜಾಗ ಇಲ್ಲ ಬಿಡಿ. ಆದರೆ ಟಾರ್ಪಾಲಿನ್ ಕೊಳದಲ್ಲಿ ಬೋಲ್ಟು ಬೇಡ ಅನ್ನುವ ಮಗುವಿಗೆ ಇದನ್ನು ತೋರಿಸಿ. ಎರಡು ಕಡ್ಡಿ, ಒಂದು ಬಿದಿರಿನ ತುಂಡು. ಭಾರ ಸೇರಿಸದೆ ದೋಣಿ ನಿಲ್ಲುತ್ತದೆ.

ಅಮ್ಮನಿಗೊತ್ತಿಲ್ಲ · ದಾವಣಗೆರೆ

ರೆಡಿಮೇಡ್ ಕಿಟ್ ತಂದರೆ ಬೇಗ ಮುಗಿಯಲ್ವಾ? ರಿಮೋಟ್ ಇರುವ ಹಾಯಿದೋಣಿಯೂ ಇವೆಯಂತೆ.

ತೇಲುಮುಳುಗು · ಬೆಂಗಳೂರು

ಇವೆ. ಆರ್‌ಜಿ65 ಅಂತ 65 ಸೆಂಟಿಮೀಟರ್ ಉದ್ದದ ವರ್ಗ, ಇಂಟರ್‌ನ್ಯಾಷನಲ್ ಒನ್ ಮೀಟರ್ ಅಂತ ಒಂದು ಮೀಟರ್ ಉದ್ದದ ವರ್ಗ. ಚುಕ್ಕಾಣಿಯನ್ನೂ ಹಾಯಿಯ ದಾರವನ್ನೂ ರಿಮೋಟಿನಿಂದ ಆಡಿಸುತ್ತಾರೆ. ಅದು ದೊಡ್ಡವರ ಹವ್ಯಾಸ, ಬೆಲೆಯೂ ಹಾಗೇ ಇದೆ. ಕಾರಂಜಿಗಾಳಿ ಕೇಳಿದ್ದು 100 ರೂಪಾಯಿ ಒಳಗೆ. ಮಕ್ಕಳಿಗೆ ನಿಜವಾಗಿ ಹುಚ್ಚು ಹಿಡಿದರೆ ರಿಮೋಟಿಗಿಂತ ಆಪ್ಟಿಮಿಸ್ಟ್ ದೋಣಿ ನೋಡಲಿ. 1947ರಲ್ಲಿ ಅಮೆರಿಕದ ಫ್ಲೋರಿಡಾದಲ್ಲಿ ಕ್ಲಾರ್ಕ್ ಮಿಲ್ಸ್ ಮಕ್ಕಳಿಗೆಂದೇ ಮಾಡಿದ್ದು, ಸುಮಾರು 2.3 ಮೀಟರ್ ಉದ್ದ, ಒಂದೇ ಮಗು ಕೂತು ಓಡಿಸುತ್ತದೆ. ಈಗ ಪ್ರಪಂಚದ ಬಹಳ ಕಡೆ ಹಾಯಿದೋಣಿ ಕಲಿಯುವ ಮಕ್ಕಳು ಶುರು ಮಾಡುವುದು ಅದರಲ್ಲೇ.

ಕಾರಂಜಿಗಾಳಿ · ಮೈಸೂರು

ಬಹಳ ದಿನವಾಯಿತು, ಉತ್ತರ ಬಾಕಿ ಇತ್ತು. ರೇಸ್ ಆಯಿತು. ಮೇ ತಿಂಗಳಲ್ಲಿ ಚಿಕ್ಕವರಿಗೆ ಪೈಪಿನಲ್ಲಿ, ಪಡುಗಾಳಿ ಅವರು ಹೇಳಿದ ಹಾಗೆ ಆಷಾಢದ ಒಂದು ಭಾನುವಾರ ದೊಡ್ಡ ಮಕ್ಕಳಿಗೆ ಟಾರ್ಪಾಲಿನ್ ಕೊಳದಲ್ಲಿ.

ಪೈಪ್ ಒಂದು ಮನೆ ಕಟ್ಟುವ ಕಡೆ ಉಳಿದದ್ದು ಸಿಕ್ಕಿತು, ಪ್ಲಂಬರ್ ಸೀಳಿಕೊಟ್ಟರು. ಊದುವುದನ್ನು ಬಿಟ್ಟೆವು. ಪ್ರತಿ ದೋಣಿಗೂ ಒಬ್ಬ ಜೊತೆಗಾರ, ಕೈಯಲ್ಲಿ ಮೊರ. ದೋಣಿಗೆ ಮೊರ ತಾಗಿದರೆ ಓಟ ಮೊದಲಿಂದ. ಅಜ್ಜಿಯಂದಿರು ಮೊರ ಹಿಡಿಯುವುದು ಹೇಗೆ ಅಂತ ತೋರಿಸೋಕೆ ಬಂದವರು ಹಿಂದಕ್ಕೆ ಹೋಗಲೇ ಇಲ್ಲ. ಎರಡು ಪೈಪುಗಳ ನಡುವೆ ಎರಡಡಿ ಜಾಗ ಬಿಡಿ, ಇಲ್ಲದಿದ್ದರೆ ಒಬ್ಬರ ಗಾಳಿ ಇನ್ನೊಬ್ಬರ ಹಾಯಿಗೆ ಬೀಳುತ್ತದೆ.

ಕೊಳದಲ್ಲಿ ಎರಡು ಕೋಲು ನೆಟ್ಟು, ಗಾಳಿ ಅಡ್ಡ ಬರುವಂತೆ ದಾರಿ ಮಾಡಿದ್ದೆವು. ಒಬ್ಬಳು ಹುಡುಗಿ, 9 ವರ್ಷ, ಅವಳ ದೋಣಿ ಪ್ರತಿ ಸಲವೂ ಅರ್ಧ ದಾರಿಯಲ್ಲಿ ಗಾಳಿಯ ಕಡೆ ತಿರುಗಿ ನಿಲ್ಲುತ್ತಿತ್ತು. ಪೆನ್ಸಿಲ್ ಪರೀಕ್ಷೆ ಮಾಡಿದಳು. ಹಾಯಿ ಹಿಂದಿದೆ ಅಂತ ಗೊತ್ತಾಯಿತು. ಹೊಸ ತೂತು ಕೊರೆಯೋಕೆ ದೊಡ್ಡವರಿಗೆ ಕಾಯಬೇಕಲ್ಲ, ಅವಳು ಹಾಯಿಯ ಹಿಂದಿನ ಮೂಲೆಯನ್ನು ಮಡಿಚಿ ಬಟ್ಟೆ ಕ್ಲಿಪ್ಪು ಹಾಕಿಬಿಟ್ಟಳು. ಹಿಂದಿನ ಬಟ್ಟೆ ಕಮ್ಮಿಯಾದ ಮೇಲೆ ದೋಣಿ ನೇರ ಹೋಯಿತು. ಇನ್ನು ಅರ್ಧ ಗಂಟೆಯಲ್ಲಿ ಎಲ್ಲರ ಹಾಯಿಗೂ ಕ್ಲಿಪ್ಪು ಬಂತು, ಬೇಕಿದ್ದವರಿಗೂ ಬೇಡದವರಿಗೂ. ನಮ್ಮ ಮನೆಯ ಒಣಹಾಕಿದ ಬಟ್ಟೆಯೆಲ್ಲ ಪಕ್ಕದ ಮನೆಗೆ ಹಾರಿತು.

ಸುಧಾರಣೆಯ ಬಹುಮಾನ ಅವಳಿಗೇ. ವೇಗದಲ್ಲಿ ಗೆದ್ದದ್ದು ಟೆಟ್ರಾ ಪ್ಯಾಕ್ ದೋಣಿ. ಚಪ್ಪಲಿ ಗಟ್ಟಿ, ಆದರೆ ಭಾರ.

ಸುಮ್ನೆಕೇಳ್ದೆ · ಬೆಂಗಳೂರು

ಅಳಲಿಲ್ವಾ ಯಾರೂ?

ಕಾರಂಜಿಗಾಳಿ · ಮೈಸೂರು

ಒಬ್ಬ ಅತ್ತ. ಸೋತದ್ದಕ್ಕಲ್ಲ, ಕತ್ತಲಾಯಿತು ಅಂತ ನೀರು ಖಾಲಿ ಮಾಡಿದ್ದಕ್ಕೆ.

ತೇಲುಮುಳುಗು · ಬೆಂಗಳೂರು

ಆ ಕ್ಲಿಪ್ಪಿನ ಉಪಾಯ ಸೊಗಸಾಗಿದೆ. ದೊಡ್ಡ ಹಾಯಿದೋಣಿಯಲ್ಲೂ ಗಾಳಿ ಜಾಸ್ತಿಯಾದಾಗ ಹಾಯಿ ಮಡಿಚಿ ಕಟ್ಟುತ್ತಾರೆ. ಟೆಟ್ರಾ ಪ್ಯಾಕ್ ಗೆದ್ದದ್ದು ಹಗುರ ಇದ್ದದ್ದಕ್ಕೆ, ತಳ ನುಣುಪಾಗಿರುವುದಕ್ಕೆ. ಚಪ್ಪಲಿಯ ತಳದ ಗೆರೆಗಳು ನೀರನ್ನು ಹಿಡಿದು ಎಳೆಯುತ್ತವೆ. ಸವೆದ ಚಪ್ಪಲಿ ಹೊಸದಕ್ಕಿಂತ ವಾಸಿ.

ಕಪಿಲಾತೀರ · ನಂಜನಗೂಡು

ಕಾರಂಜಿಗಾಳಿ ಅವರೇ, ಪೈಪಿನ ತುದಿ ಹೇಗೆ ಮುಚ್ಚಿದಿರಿ? ನಮ್ಮ ಬೀದಿಯವರೂ ಮಾಡಬೇಕು ಅನ್ನುತ್ತಿದ್ದಾರೆ.

ಕಾರಂಜಿಗಾಳಿ · ಮೈಸೂರು

ಒಂದೊಂದು ಕಾಲುವೆಗೂ 6 ಇಂಚಿನ ಎಂಡ್ ಕ್ಯಾಪ್ ಒಂದನ್ನು ಅರ್ಧ ಸೀಳಿ ಎರಡೂ ತುದಿಗೆ ಪಿವಿಸಿ ಅಂಟಿನಲ್ಲಿ ಕೂರಿಸಿದ್ದು. ಒಂದು ದಿನ ಒಣಗಲು ಬಿಟ್ಟೆವು. ಒಂದು ಕಡೆ ಸ್ವಲ್ಪ ಸೋರುತ್ತಿತ್ತು, ಎಂ-ಸೀಲ್ ಒತ್ತಿದ ಮೇಲೆ ನಿಂತಿತು. ಹೊಸದಾಗಿ ಮಾಡುವುದು ಬೇಡ, ನಮ್ಮದೇ ಗ್ಯಾರೇಜಿನಲ್ಲಿ ಸುಮ್ನೆ ಬಿದ್ದಿದೆ, ಎರಡೂ ತಗೊಂಡು ಹೋಗಿ. 10 ಅಡಿ ಉದ್ದ ಇದೆ, ಆಟೋದಲ್ಲಿ ಹಿಡಿಸಲ್ಲ. ಗಾಡಿ ಮೇಲೆ ಕಟ್ಟೋಕೆ ಹಗ್ಗ ತನ್ನಿ.